ಮೊದಲೇ ಬಂದವರು

ಹಳೆಯ ಭೂವಿಜ್ಞಾನಿಗಳ ವರದಿ ಓದುತ್ತ ಹೋದರೆ ಒಂದು ಸಂಗತಿ ಬಿಡದೆ ಎದುರಾಗುತ್ತದೆ. ಅವರು ಸುತ್ತಿಗೆ ಹಿಡಿದು ಹೋದಲ್ಲೆಲ್ಲ ಯಾರೋ ಮೊದಲೇ ಬಂದು ಅಗೆದು ಹೋಗಿರುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಡಂಬಳದ ಗುಡ್ಡಗಳಲ್ಲಿ ಚಿನ್ನದ ಜಾಡು ಹಿಡಿದು ಹೊರಟಾಗ, ಹಳ್ಳದ ಮರಳು ತೊಳೆದು ಕಣ ಹೆಕ್ಕುವ ಜಾಲಗಾರರು ಅಲ್ಲಿ ತಲೆಮಾರುಗಳಿಂದ ಇದ್ದರು. ಕೋಲಾರದ ಕಡೆಗೆ 1802ರಲ್ಲಿ ಸರ್ವೇ ಕೆಲಸಕ್ಕೆ ಬಂದ ಲೆಫ್ಟಿನೆಂಟ್ ಜಾನ್ ವಾರನ್‌ನ ಕಥೆಯೂ ಇದೇ. ಊರಿನವರು ಮಣ್ಣು ತಂದು ಅವನೆದುರೇ ತೊಳೆದು ಚಿನ್ನ ತೋರಿಸಿದರಂತೆ. ಆಮೇಲೆ ಪುಸ್ತಕಗಳಲ್ಲಿ ಅದು 'ವಾರನ್ ಕಂಡ ಚಿನ್ನ'ವಾಯಿತು.

ಈ ಮೊದಲಿಗರ ಕುರುಹು ಈಗಲೂ ಎಲ್ಲೆಲ್ಲಿ ಉಳಿದಿದೆ, ನೋಡಿ ಬರೋಣ ಎಂದು ನಾನೂ ನನ್ನ ಗೆಳೆಯನೂ ಹೊರಟೆವು. ಅವನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ದಾರಿಯಲ್ಲಿ ರಸ್ತೆಗಾಗಿ ಕಡಿದ ಗುಡ್ಡ ಕಂಡರೆ ಸಾಕು, ಕಾರು ನಿಲ್ಲಿಸಬೇಕು. ಹೊಸಪೇಟೆಯಿಂದ ಶುರುಮಾಡಿ ಲಿಂಗಸುಗೂರಿನವರೆಗೆ ಹೋಗುವುದು ನಮ್ಮ ಲೆಕ್ಕ. ಈ ದಾರಿಯಲ್ಲಿ ಕಬ್ಬಿಣ, ಕರಿಕಲ್ಲು, ಚಿನ್ನ ಮೂರೂ ಸಿಗುತ್ತವೆ, ಜೊತೆಗೆ ಒಂದು ಶಾಸನವೂ.

ಹೊಸಪೇಟೆಯ ಮಗ್ಗುಲಿಗೇ ಜಂಬುನಾಥ ಬೆಟ್ಟ. ಇದರ ಅದಿರು ಕರಗಿಸಿ ಕಮಲಾಪುರದಲ್ಲಿ ಕಬ್ಬಿನ ಹಾಲು ಕಾಯಿಸುವ ಅಗಲ ಕೊಪ್ಪರಿಗೆಗಳನ್ನು ಮಾಡುತ್ತಿದ್ದರು. ಹಂಪಿಗೆ ಹೋಗುವ ಸಾವಿರಾರು ಜನ ಕಮಲಾಪುರ ದಾಟುತ್ತಾರೆ; ಅಲ್ಲೊಂದು ಕಬ್ಬಿಣದ ಕಸುಬು ಇತ್ತೆಂದು ಹೇಳುವ ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ಅರಮನೆ, ಗುಡಿ ಕಟ್ಟಿದವರ ನೆನಪಿಗೆ ಸಿಗುವ ಜಾಗ ಬೆಲ್ಲದ ಕೊಪ್ಪರಿಗೆಗೆ ಸಿಗುವುದಿಲ್ಲ. ಮಣ್ಣಿನ ಕುಲುಮೆಯಲ್ಲಿ ಅದಿರು, ಇದ್ದಿಲು ಪದರಪದರವಾಗಿ ತುಂಬಿ ತಿದಿ ಒತ್ತಿದರೆ ಕಿಟ್ಟ ಕರಗಿ ಹರಿದುಹೋಗಿ ಕಬ್ಬಿಣ ಮೆತ್ತನೆಯ ಮುದ್ದೆಯಾಗಿ ತಳದಲ್ಲಿ ಉಳಿಯುತ್ತದೆ. ಅದನ್ನು ಬಡಿದು ಬಡಿದು ಉಳಿದ ಕಿಟ್ಟ ಹಿಂಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಾಯಿತಿ ಕಬ್ಬಿಣ ಅಗ್ಗಕ್ಕೆ ಬಂದಿಳಿಯಿತು. ಕುಲುಮೆ ಆರಿತು. ಕೊಪ್ಪರಿಗೆ ಮಾಡುವವರು ಪರದೇಶದ ತಗಡಿನಲ್ಲೇ ಇನ್ನಷ್ಟು ಕಾಲ ಕಸುಬು ಎಳೆದರು.

ಸಂಡೂರಿನ ಬೆಟ್ಟಸಾಲು ಹತ್ತುವಾಗ ಗೆಳೆಯ ಕಡಿದ ಗೋಡೆಯೊಂದರ ಮುಂದೆ ಕಾರು ನಿಲ್ಲಿಸಿದ. ಕಪ್ಪು, ಕೆಂಪು, ಬಿಳಿ ಎಳೆಗಳು ಇಳಕಲ್ ಸೀರೆಯ ಅಂಚಿನ ಹಾಗೆ ಒಂದರ ಪಕ್ಕ ಒಂದು ಓಡುತ್ತಿದ್ದವು. ಕೆಲವು ಎಳೆ ಉಗುರಿಗಿಂತ ತೆಳು. ಇದು ಪಟ್ಟೆ ಕಬ್ಬಿಣಶಿಲೆ. ಸುಮಾರು 270 ಕೋಟಿ ವರ್ಷದ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಕೂತದ್ದು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಬಿಸಿಲು ಉಂಡು ಬದುಕುವ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡತೊಡಗಿದ ಮೇಲೆ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು, ನಡುನಡುವೆ ಸಿಲಿಕಾ ಕೂತಿತು ಎನ್ನುವುದು ಬಹುಮಂದಿ ಒಪ್ಪುವ ವಿವರಣೆ. ಇದೇ ಸಂಡೂರು ಪಟ್ಟಿಯ ಸುಣ್ಣದಂಶದ ಶಿಲೆಗಳಲ್ಲಿ ಅಂಥ ಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳೂ ಸಿಕ್ಕಿವೆ. ತುಕ್ಕು ಮಾಡಿದವರ ಮನೆ ತುಕ್ಕಿನ ಬೆಟ್ಟದ ಪಕ್ಕದಲ್ಲೇ! ಮುಂದೆ ಕೋಟ್ಯಂತರ ವರ್ಷದ ಮಳೆ ಸಿಲಿಕಾವನ್ನು ತೊಳೆದು ಒಯ್ದ ಕಡೆ ಉಳಿದದ್ದೇ ನೂರಕ್ಕೆ ಅರವತ್ತಕ್ಕೂ ಮಿಕ್ಕಿ ಕಬ್ಬಿಣವಿರುವ ಹೆಮಟೈಟ್ ಅದಿರು. ಜಗತ್ತಿಗೆಲ್ಲ ಬೇಕಾಗಿದ್ದು ಅದೇ.

ಕುಮಾರಸ್ವಾಮಿ ಬೆಟ್ಟದ ಗುಡಿಗೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಸ್ಥಳಪುರಾಣ ಈ ಬೆಟ್ಟವನ್ನು ಲೋಹಾಚಲ ಎನ್ನುತ್ತದೆ. ಪುರಾಣ ಕಟ್ಟಿದವರಿಗೆ ಕಾಲಕೆಳಗಿನ ಕಲ್ಲು ಯಾವುದೆಂದು ಚೆನ್ನಾಗಿಯೇ ಗೊತ್ತಿತ್ತು. ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ ಪ್ರಕಟಿಸಿದ್ದು ಅದಾದ ಎಷ್ಟೋ ಕಾಲದ ಮೇಲೆ, 1895ರಲ್ಲಿ.

ಇಲ್ಲಿನ ಇತ್ತೀಚಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಚೀನಾದ ಬೇಡಿಕೆ, ಏರಿದ ಬೆಲೆ, ಹಗಲು ರಾತ್ರಿ ಬಂದರಿನತ್ತ ಓಡಿದ ಲಾರಿಗಳು, ಲೋಕಾಯುಕ್ತ ವರದಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ಹಾಕಿದ ತಡೆ, ಆಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಮಿತಿಯೊಳಗೆ ಮತ್ತೆ ಶುರು. ದಾರಿಯ ಚಹಾದಂಗಡಿಯವನು ಇದನ್ನೇ ಒಂದು ಮಾತಿನಲ್ಲಿ ಮುಗಿಸಿದ. "ಆಗ ಎಲ್ರ ಮನಿ ಮುಂದೆ ಲಾರಿ ಇತ್ತು ಸಾರ್. ಲಾರಿ ಹೋತು, ಸಾಲ ಐತೆ." ಅವನ ಅಂಗಡಿಯ ಗಾಜಿನ ಭರಣಿಗಳ ಮೇಲೂ ಕೆಂಪು ಧೂಳು ಕೂತಿತ್ತು. ಕುಲುಮೆಯ ಕಾಲದವರು ಬೆಟ್ಟವನ್ನು ಉಳಿಸಿದ್ದು ದೊಡ್ಡ ಮನಸ್ಸಿನಿಂದ ಎಂದು ನಾನು ಹೇಳಲಾರೆ. ಅವರಲ್ಲಿ ಅಷ್ಟು ಇದ್ದಿಲೂ ಇರಲಿಲ್ಲ, ಅಷ್ಟು ಕೊಳ್ಳುವವರೂ ಇರಲಿಲ್ಲ.

ಬಳ್ಳಾರಿಯಿಂದ ಆರೇಳು ಕಿಲೋಮೀಟರ್ ದೂರದ ಸಂಗನಕಲ್ಲು ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ ಜಾಗ. ಬರಿಗಣ್ಣಿಗೆ ಅಲ್ಲಿರುವುದು ಬಳ್ಳಾರಿ ಸೀಮೆಯ ಎಂದಿನ ನೋಟವೇ: ಗುಂಡುಗಳ ಮೇಲೆ ಗುಂಡು ಪೇರಿಸಿದ ಗ್ರಾನೈಟ್ ಗುಡ್ಡ, ಸಂದಿನಲ್ಲಿ ಜಾಲಿ, ಕಳ್ಳಿ. ಆದರೆ ಇಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕಪ್ಪು ಕಲ್ಲಿನದೊಂದು ಸಾಲು ಹಾದಿದೆ. ನಸುಗೆಂಪು ಗ್ರಾನೈಟ್ ಬಿರಿದ ಸೀಳಿನಲ್ಲಿ ಆಳದಿಂದ ಶಿಲಾರಸ ಏರಿ ಅಲ್ಲೇ ಗಟ್ಟಿಯಾದ ಡೊಲೆರೈಟ್ ಅದು. ನಮ್ಮ ಕಡೆ ಸುಮ್ಮನೆ ಕರಿಕಲ್ಲು ಎನ್ನುತ್ತೇವೆ. ಕಣ ಸಣ್ಣ, ಭಾರ ಹೆಚ್ಚು, ಸುಲಭಕ್ಕೆ ಒಡೆಯುವುದಿಲ್ಲ. ಒಡೆದರೆ ಅಂಚು ಹರಿತ.

ಹೊಸ ಶಿಲಾಯುಗದ ಜನ, ಅಂದರೆ ಕ್ರಿ.ಪೂ. ಮೂರನೆಯ ಮತ್ತು ಎರಡನೆಯ ಸಹಸ್ರಮಾನದಲ್ಲಿ ದನ ಸಾಕಿಕೊಂಡು ಹುರುಳಿ, ಹೆಸರು ಬೆಳೆದುಕೊಂಡು ಇಲ್ಲಿದ್ದವರು, ಇಷ್ಟು ದೊಡ್ಡ ಗುಡ್ಡದಲ್ಲಿ ಆ ಒಂದು ಕಪ್ಪು ಸಾಲನ್ನೇ ಆರಿಸಿಕೊಂಡರು. ಹಿರೇಗುಡ್ಡದ ಮೇಲೆ ಕೊಡಲಿ ಮಾಡುವ ಕಾರ್ಖಾನೆಯನ್ನೇ ನಡೆಸಿದರು. ಇಂದಿಗೂ ಕಾಲಿಟ್ಟಲ್ಲಿ ಚಕ್ಕೆಗಳು. ಬಗ್ಗಿ ಒಂದನ್ನು ಹಿಡಿದು ನೋಡಿದರೆ ಪೆಟ್ಟು ಬಿದ್ದ ಕಡೆಯ ಉಬ್ಬು ಹೆಬ್ಬೆರಳಿಗೆ ಸಿಗುತ್ತದೆ. ಚಕ್ಕೆ ಎಬ್ಬಿಸಿ ಆಕಾರ ತಂದಮೇಲೆ ಕೊಡಲಿಯ ಬಾಯನ್ನು ಗ್ರಾನೈಟ್ ಬಂಡೆಗೆ ನೀರು ಮರಳು ಹಾಕಿ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡು ಕೈಯಿಟ್ಟರೆ ನುಣ್ಣಗೆ ಹತ್ತುತ್ತದೆ. ಕರಿಕಲ್ಲು ಕಡಿಯುವುದಕ್ಕೆ, ಗ್ರಾನೈಟ್ ಸಾಣೆ ಹಿಡಿಯುವುದಕ್ಕೆ. ಕಾಲೇಜಿನಲ್ಲಿ ಖನಿಜಗಳ ಗಡಸುತನದ ಕೋಷ್ಟಕ ಬಾಯಿಪಾಠ ಮಾಡಿಸುತ್ತಿದ್ದ ಗೆಳೆಯ ಆ ತೋಡಿನ ಮುಂದೆ ತುಸು ಹೊತ್ತು ಮಾತು ಬಿಟ್ಟು ಕೂತ. ಅಪರೂಪದ ಸಂಗತಿ.

ಕುಪ್ಪಗಲ್ಲಿನ ಕಡೆ ಇದೇ ಕರಿಕಲ್ಲಿನ ಗುಂಡುಗಳ ಮೇಲೆ ಉದ್ದ ಕೊಂಬಿನ ಹೋರಿಗಳೂ ಮನುಷ್ಯರೂ ಕುಟ್ಟಿ ಮೂಡಿಸಿದ ಚಿತ್ರಗಳಾಗಿ ನಿಂತಿದ್ದಾರೆ. ಕೆಲವು ಗುಂಡುಗಳಲ್ಲಿ ಚಿತ್ರವಿಲ್ಲ, ಬಟ್ಟಲಿನಂಥ ಗುಳಿಗಳಿವೆ. ಆ ಗುಳಿಗೆ ಕಲ್ಲಿನಿಂದ ಬಡಿದರೆ ಜಾಗಟೆಯ ನಾದ ಬರುತ್ತದೆ. ಒತ್ತಾದ ಕಲ್ಲು, ಅದೂ ಅಂಚಿನಲ್ಲಷ್ಟೇ ಆನಿಕೊಂಡು ಒಡಲು ಬಿಡಿಯಾಗಿರುವ ಗುಂಡು ಹಾಗೆ ಮೊಳಗುತ್ತದೆ. ಯಾವ ಗುಂಡು ಹಾಡುತ್ತದೆ, ಯಾವುದು ಮೂಕ ಎಂದು ಒಂದೊಂದನ್ನೇ ಬಡಿದು ನೋಡಿ ಪಟ್ಟಿ ಮಾಡಿಕೊಂಡವರು ಯಾರೋ ಇರಬೇಕು. ಎಫ್. ಫಾಸೆಟ್ 1892ರಲ್ಲಿ ಈ ಚಿತ್ರಗಳ ಬಗ್ಗೆ ಬರೆದ. ಆಮೇಲೆ ಲೋಕ ಬಹುಪಾಲು ಮರೆಯಿತು. ಈ ಶತಮಾನದ ಆರಂಭದಲ್ಲಿ ಸಂಶೋಧಕಿ ನಿಕೋಲ್ ಬೊಯ್ವಿನ್ ಮತ್ತು ಸಂಗಡಿಗರು ಬಂದು ನೋಡಿದಾಗ ಕಲ್ಲಿನ ಕ್ವಾರಿ ಗುಡ್ಡವನ್ನು ಒಂದು ಕಡೆಯಿಂದ ತಿನ್ನುತ್ತಿತ್ತು. ರಸ್ತೆಗೆ ಜಲ್ಲಿ ಬೇಕು, ಒಪ್ಪಿಕೊಳ್ಳೋಣ. ಈ ಜಿಲ್ಲೆಯಲ್ಲಿ ಗ್ರಾನೈಟ್ ಗುಡ್ಡಕ್ಕೆ ಬರವೇ? ಆ ಕಪ್ಪು ಸಾಲು ಹಾದುಹೋದ ಗುಡ್ಡವೇ ಆಗಬೇಕಿತ್ತೇ?

ಸಿರುಗುಪ್ಪ, ಸಿಂಧನೂರು ದಾರಿಯಲ್ಲಿ ಕಲ್ಲೇ ಕಾಣುವುದಿಲ್ಲ. ತುಂಗಭದ್ರಾ ಕಾಲುವೆಯ ನೀರು, ಕಣ್ಣು ಹಾಯುವಷ್ಟೂ ಭತ್ತ. ಗೆಳೆಯ ನಿದ್ದೆ ಹೋದ. ಅವನಿಗೆ ಎಚ್ಚರವಾದದ್ದು ಮಸ್ಕಿಯ ಹತ್ತಿರ, ಎರೆ ಹೋಗಿ ಮಸಾರಿ ಬಂದಾಗ.

ಮಸ್ಕಿಯ ದುರ್ಗದ ಗುಡ್ಡದ ಬಂಡೆಯ ಮೇಲಿರುವುದು ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಸುತ್ತ ಈಗ ರಕ್ಷಣೆಯ ಕಟ್ಟಡ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಸಿಕ್ಕ ಅರಸನ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ. ಆತನೇ ಅಶೋಕ ಎನ್ನುವುದಕ್ಕೆ ಸಿಂಹಳದ ಗ್ರಂಥಗಳ ಆಸರೆ ಬೇಕಾಯಿತು. ಸುಮಾರು ಎಂಬತ್ತು ವರ್ಷ ಹಾಗೇ ನಡೆಯಿತು. ಆತನದೇ ಶಾಸನದ ಕಲ್ಲಿನ ಮೇಲೆ 'ಅಶೋಕ' ಎಂಬ ಅಕ್ಷರಗಳೇ ಸಿಕ್ಕಿದ್ದು 1915ರಲ್ಲಿ, ಇಲ್ಲಿ. ಅದನ್ನು ಕಂಡವನು ಶಾಸನತಜ್ಞನಲ್ಲ. ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ನಿಜಾಮರ ಸೀಮೆಯ ಈ ಗುಡ್ಡಗಳಲ್ಲಿ ಚಿನ್ನ ಅರಸುತ್ತ ಅಲೆಯುತ್ತಿದ್ದ. ಮುಂದೆ ನಿಟ್ಟೂರು, ಉದೇಗೋಳಂ, ಮಧ್ಯಪ್ರದೇಶದ ಗುಜರ್ರಾಗಳಲ್ಲಿಯೂ ಆ ಹೆಸರು ಸಿಕ್ಕಿತು.

ಚಿನ್ನ ಅರಸುವವನಿಗೆ ಶಾಸನ ಸಿಕ್ಕಿದ್ದನ್ನು ಆಕಸ್ಮಿಕ ಎಂದು ಬರೆಯುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯಾಕಾರದಲ್ಲಿ ಬಾಗಿರುವ ಒಂದು ಶಿಲಾಪಟ್ಟಿಯಿದೆ. ಸುತ್ತೆಲ್ಲ ಗ್ರಾನೈಟ್, ನೈಸ್. ನಡುವೆ ಇದೊಂದು ಕಪ್ಪುಹಸಿರು ಲಾವಾಶಿಲೆ. ಅದರ ಸೀಳುಗಳಲ್ಲಿ ಚಿನ್ನ. ಚಿನ್ನ ಇದ್ದಲ್ಲಿ ಜನ, ಜನ ಇದ್ದಲ್ಲಿ ಹಾದಿ, ಹಾದಿಗೆ ಕಾಣುವ ಬಂಡೆಯ ಮೇಲೆ ಅರಸನ ಮಾತು. ಅಶೋಕನ ಬ್ರಹ್ಮಗಿರಿಯ ಶಾಸನದಲ್ಲಿ ಆಜ್ಞೆ ಹೊರಡುವುದು ಸುವರ್ಣಗಿರಿ ಎಂಬ ಊರಿನಿಂದ. ಅದು ಮಸ್ಕಿಯೋ, ಕನಕಗಿರಿಯೋ, ಆಂಧ್ರದ ಜೊನ್ನಗಿರಿಯೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಮೂರೂ ಇರುವುದು ಚಿನ್ನದ ಸೀಮೆಯಲ್ಲಿ ಅಥವಾ ಅದರ ನೆರೆಯಲ್ಲಿ. ಬೀಡನ್ ಹಿಡಿದದ್ದು ಎರಡು ಸಾವಿರ ವರ್ಷ ಹಳೆಯ ಹಾದಿಯನ್ನೇ.

ಹಟ್ಟಿಯಲ್ಲಿ ಚಿನ್ನ ಕಾಣುತ್ತದೆಂದು ಹೋದವರಿಗೆ ಕಾಣುವುದು ಬೂದು ಬಣ್ಣದ ಮಣ್ಣಿನ ದಿಬ್ಬಗಳು. ಕಲ್ಲನ್ನು ಹಿಟ್ಟು ಮಾಡಿ ಚಿನ್ನ ತೆಗೆದಮೇಲೆ ಉಳಿದ ಹಿಟ್ಟು ಅದು. ಲೆಕ್ಕ ಹೀಗಿದೆ. ಭೂಮಿಯ ಹೊರಪದರದ ತೂಕದಲ್ಲಿ ಆಮ್ಲಜನಕ, ಸಿಲಿಕಾನ್ ಎರಡೇ ಮುಕ್ಕಾಲು ಪಾಲು. ಅಲ್ಯುಮಿನಿಯಂ ನೂರಕ್ಕೆ ಸುಮಾರು 8, ಕಬ್ಬಿಣ ಸುಮಾರು 5. ಚಿನ್ನವಾದರೋ ಒಂದು ಟನ್ ಕಲ್ಲಿಗೆ ಕೆಲವೇ ಮಿಲಿಗ್ರಾಂ. ಹಟ್ಟಿಯ ಅದಿರಿನಲ್ಲಿ ಟನ್ನಿಗೆ ಕೆಲವು ಗ್ರಾಂ. ಅಂದರೆ ಯಾವುದೋ ಕಾರಣಕ್ಕೆ ಇಲ್ಲಿ ಅದು ಸಾವಿರ ಪಾಲು ಒತ್ತಾಗಿ ಕೂಡಿದೆ. ಕಾರಣ ಬಿಸಿನೀರು. ಇನ್ನೂರೈವತ್ತು ಕೋಟಿ ವರ್ಷದಷ್ಟು ಹಿಂದೆ ಈ ನೆಲ ಹಿಂಡಿ ಬಿರಿದಾಗ ಆಳದ ಬಿಸಿನೀರು ಚಿನ್ನವನ್ನು ಕರಗಿಸಿಕೊಂಡು ಸೀಳು ಹಿಡಿದು ಮೇಲೇರಿ, ಬೆಣಚುಕಲ್ಲಿನ ಜೊತೆ ಅಲ್ಲೇ ಉಳಿಸಿ ಹೋಯಿತು. ಆ ಸೀಳುಗಳೇ ರೀಫುಗಳು. ಒಂದರ ಪಕ್ಕ ಒಂದು ಸಾಲಾಗಿವೆ. ಓಕ್ಲೀಸ್ ರೀಫ್, ಮಿಡ್ಲ್ ರೀಫ್, ವಿಲೇಜ್ ರೀಫ್ ಎಂದು ಇಲ್ಲಿನ ಕಾರ್ಮಿಕರು ಓಣಿಗಳ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ.

ಈ ಕಾಲದ ಕಂಪನಿಗಳು ಇಲ್ಲಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ನಿಜಾಮರ ಪರವಾನಗಿ ಹಿಡಿದು. ಎಲ್ಲಿ ಅಗೆಯಬೇಕೆಂದು ಅವರು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಹಳೆಯ ಗುಂಡಿಗಳು ರೀಫಿನ ಗುಂಟ ಸಾಲಾಗಿ ಬಾಯಿ ತೆರೆದಿದ್ದವು. ಅವನ್ನು ಖಾಲಿ ಮಾಡಿ ಇಳಿದಾಗ ಒಂದು ಕಡೆ ಹಳಬರು 640 ಅಡಿ ಆಳಕ್ಕೆ ಹೋಗಿದ್ದು ಗೊತ್ತಾಯಿತು. ಹತ್ತಿರಹತ್ತಿರ ಇನ್ನೂರು ಮೀಟರ್! ಒಳಗೆ ಸಿಕ್ಕ ಮರದ ತುಂಡುಗಳ ವಯಸ್ಸು ಅಳೆದರೆ ಸುಮಾರು ಎರಡು ಸಾವಿರ ವರ್ಷ. ಸಿಡಿಮದ್ದು ಇಲ್ಲದ ಕಾಲ. ಬಂಡೆಯ ಮೈಗೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಕಾದಮೇಲೆ ನೀರೆರಚಿ ಬಿರಿಸುವುದು, ಬಿರಿದದ್ದನ್ನು ಉಳಿಯಿಂದ ಎಬ್ಬಿಸಿ ಹೊತ್ತು ಮೇಲೆ ತರುವುದು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1962ರಲ್ಲಿ ಈ ವಿಧಾನದ ಬಗ್ಗೆ ವಿವರವಾಗಿ ಬರೆದ. ಅಂಥ ಆಳದಲ್ಲಿ ಬೆಂಕಿ ಹಾಕಿದರೆ ಹೊಗೆ ಎಲ್ಲಿಗೆ ಹೋಗಬೇಕು, ಉಸಿರಾಡಲು ಗಾಳಿ ಎಲ್ಲಿಂದ ಬರಬೇಕು ಎಂದು ನೆನೆದರೆ ನನಗೆ ಮೈ ಜುಂ ಎನ್ನುತ್ತದೆ. ಹಾಗೆ ಇಳಿದವರು ಮನಸ್ಸಿನಿಂದಲೇ ಇಳಿದರು ಎಂದು ನಂಬುವುದು ಕಷ್ಟ.

ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನ ಹತ್ತಿರ ಸಿಕ್ಕರು. ಮಲ್ಲಪ್ಪ ಶಾಫ್ಟಿನಲ್ಲಿ ಇಳಿದು ಹತ್ತಿದವರು. ಹಳೆಯ ಗುಂಡಿಗಳ ಬಗ್ಗೆ ಕೇಳಿದೆ.

"ಅವು ಅದಾವ ಅಂದ್ರ ಚಲೋನೂ ಹೌದ್ರಿ, ಕೆಟ್ಟನೂ ಹೌದು," ಎಂದರು.

"ಹೆಂಗ್ರಿ ಯಜಮಾನ್ರ?"

"ಚಲೋ ಯಾಕಂದ್ರ, ಹಳಬ್ರು ಅಗದಾರ ಅಂದ್ರ ಮಾಲು ಐತಿ ಅಂತ ಲೆಕ್ಕ. ಕೆಟ್ಟದ್ಯಾಕಂದ್ರ, ಅದರಾಗ ನೀರು ನಿಂತಿರ್ತೈತಿ. ಕೆಳಗ ನಾವು ಹೊಡ್ಕೊಂತ ಹೊಂಟಾಗ ಮ್ಯಾಲ ಅದು ಒಡೀತಂದ್ರ ಮುಗೀತು. ಮತ್ತ ಮೇಲಿಂದು ಚಲೋ ಚಲೋದೆಲ್ಲಾ ಅವ್ರ ತಿಂದಾರ್ರಿ. ನಮಗ ಉಳಿಸಿದ್ದು ಕಠಿಣದ್ದು."

ಗೆಳೆಯ ಇದನ್ನೇ ತನ್ನ ಭಾಷೆಯಲ್ಲಿ ಬಿಡಿಸಿದ. ಮೇಲ್ಭಾಗದ ರೀಫಿನಲ್ಲಿ ಗಂಧಕದ ಖನಿಜಗಳು ಗಾಳಿ ಮಳೆಗೆ ಕೊಳೆತು ತುಕ್ಕಾಗಿ, ಒಳಗಿದ್ದ ಚಿನ್ನ ಬಿಡಿಯಾಗಿರುತ್ತದೆ. ಕಲ್ಲಿನ ಒರಳಲ್ಲಿ ಕುಟ್ಟಿ ತೊಳೆದರೆ ಸಿಗುತ್ತದೆ. ಹಟ್ಟಿಯ ಸುತ್ತ ಬಂಡೆಗಳ ಮೇಲೆ ಅಂಥ ಕುಟ್ಟುಗುಳಿಗಳು ಇವೆ. ಆಳಕ್ಕೆ ಹೋದಂತೆ ಚಿನ್ನ ಆರ್ಸೆನೊಪೈರೈಟ್‌ನಂಥ ಖನಿಜಗಳ ಜೊತೆ ಬಿಗಿದುಕೊಂಡಿರುತ್ತದೆ. ಕುಟ್ಟಿದರೂ ಬಿಡುವುದಿಲ್ಲ. ಅದನ್ನು ಬಿಡಿಸುವ ದಾರಿ ತೆರೆದದ್ದು 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸಯನೈಡ್ ವಿಧಾನ. ಹಳಬರು ನಿಂತದ್ದು ನೀರಿಗೆ ಮಾತ್ರವಲ್ಲ, ರಸಾಯನಶಾಸ್ತ್ರಕ್ಕೂ. ಹುಡುಕುವುದರಲ್ಲಿ ಮಾತ್ರ ಅವರು ಏನನ್ನೂ ಬಿಡಲಿಲ್ಲ. ತುಕ್ಕು ಬಣ್ಣದ ಬೆಣಚು ಕಂಡಲ್ಲೆಲ್ಲ ಒಂದು ಗುಂಡಿ ತೋಡಿ ನೋಡಿದ್ದಾರೆ.

ಹಟ್ಟಿಯಿಂದ ಗುರುಗುಂಟಕ್ಕೆ ದೂರವೇನಿಲ್ಲ. ಅಲ್ಲಿನ ಅಮರೇಶ್ವರ ಈ ಸೀಮೆಯ ದೊಡ್ಡ ದೈವ. ಆದರೆ ಗೆಳೆಯನ ಕಣ್ಣಿದ್ದದ್ದು ದೇವಸ್ಥಾನದ ಆಚೆಯ ಕುರುಚಲು ಕಾಡಿನ ಮೇಲೆ. ಅಲ್ಲಿನ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಖನಿಜ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಗ್ರಾನೈಟ್ ತಣಿದು ಗಟ್ಟಿಯಾಗುವಾಗ ಕೊನೆಗೆ ಉಳಿಯುವ ರಸ ಪೆಗ್ಮಟೈಟ್ ಆಗುತ್ತದೆ. ಬೇರೆ ಯಾವ ಖನಿಜದಲ್ಲೂ ಜಾಗ ಸಿಗದ ಧಾತುಗಳೆಲ್ಲ ಅದರಲ್ಲಿ ಬಂದು ಸೇರುತ್ತವೆ. ಹರಳುಗಳು ಗೇಣುದ್ದ ಬೆಳೆಯುವುದೂ ಉಂಟು. ಲಿಥಿಯಂ ಲೋಕಕ್ಕೆ ಗೊತ್ತಾದದ್ದೇ 1817ರಲ್ಲಿ. ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಸಣ್ಣ ಪ್ರಮಾಣದ ನಿಕ್ಷೇಪವಿದೆ ಎಂದಾಗ ಪತ್ರಿಕೆಗಳಲ್ಲಿ ಎಷ್ಟು ಸದ್ದಾಯಿತು ಎಂಬುದು ನೆನಪಿರಬಹುದು.

"ಇಲ್ಲಾದರೂ ನಾವೇ ಮೊದಲು," ಎಂದ ಗೆಳೆಯ, ಹೆಮ್ಮೆಯಿಂದಲೇ. "ಹಳಬರಿಗೆ ಇದು ಬೇಕೇ ಇರಲಿಲ್ಲ."

ಕುರಿ ಮೇಯಿಸುತ್ತಿದ್ದ ಮಧ್ಯವಯಸ್ಸಿನವರೊಬ್ಬರು ನಮ್ಮನ್ನು ನೋಡಿ ಬಂದರು. ಹೆಗಲ ಮೇಲೆ ಕರಿ ಕಂಬಳಿ. ಗೆಳೆಯನ ಅಂಗೈಯಲ್ಲಿದ್ದ ನಸು ನೇರಳೆ ಬಣ್ಣದ ಅಭ್ರಕದ ಚೂರನ್ನು ನೋಡಿ ನಕ್ಕರು.

"ಇದು ಕಾಗಿ ಬಂಗಾರ್ರಿ. ಸಣ್ಣವ್ರಿದ್ದಾಗ ಇದನ್ನ ಸುಲದು ಸುಲದು ಆಡ್ತಿದ್ವಿ."

ಅದು ಬರಿ ಕಾಗೆ ಬಂಗಾರವಲ್ಲ, ಮೊಬೈಲಿನ ಬ್ಯಾಟರಿಗೆ ಬೇಕಾದದ್ದು ಇದರಲ್ಲಿ ಇರಬಹುದು ಎಂದು ಗೆಳೆಯ ವಿವರಿಸಿದ. ಅವರು ತಮ್ಮ ಅಂಗಿ ಜೇಬಿನ ಮೊಬೈಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಅಂದ್ರ ಇಲ್ಲೂ ಹಟ್ಟಿ ಹಂಗ ಆಗ್ತೈತೇನ್ರಿ?"

ಹೇಳಲು ಬಾರದು, ಕಲ್ಲಿನಲ್ಲಿ ಎಷ್ಟು ಪಾಲು ಇದೆ ಎಂಬುದರ ಮೇಲೆ ಹೋಗುತ್ತದೆ, ಅಗೆಯುವ ಮುಂಚೆ ಬಹಳ ಪರೀಕ್ಷೆಗಳಿವೆ, ಇದು ಅರಣ್ಯದ ಜಾಗ ಬೇರೆ ಎಂದೆಲ್ಲ ಗೆಳೆಯ ಹೇಳಿದ. ಹೇಳುತ್ತಲೇ ನಕ್ಷೆ ಬಿಚ್ಚಿ, ಈ ಶಿಲೆಯ ಸಾಲು ಇಲ್ಲಿಗೇ ನಿಂತುಬಿಟ್ಟಿದೆಯಲ್ಲ ಎಂದು ನನಗೆ ತೋರಿಸಿದ. ಕುರಿಯವರೂ ಬಗ್ಗಿ ನೋಡಿದರು.

"ಎಲ್ಲಿ ನಿಂತೈತ್ರಿ? ಆ ಮರಡಿ ದಾಟ್ರಿ. ಆಕಡಿ ಹಳ್ಳದ ದಂಡ್ಯಾಗ ಇದ ಕಲ್ಲ ಮತ್ತ ಎದ್ದೈತಿ. ನಮ್ಮ ಕುರಿ ನೀರು ಕುಡಿಯೂದು ಅಲ್ಲೇ."

ಗೆಳೆಯ ಪೆನ್ಸಿಲ್ ತೆಗೆದ. ಕುರಿಯವರು ಅವನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಅದನ್ನೇನು ಬರ್ಕೊಬ್ಯಾಡ್ರಿ ಮತ್ತ," ಎಂದರು.

ಅಷ್ಟರಲ್ಲಿ ಅವನು ಬರೆದುಕೊಂಡಾಗಿತ್ತು.